ಅಂಕನಮಾಳ ಐಲ್ಯಾಂಡ್

ನಮ್ಮ ಕೇರಿ ಒಂದು ದ್ವೀಪ ಎನ್ನುವುದು ನಮಗೆ ಗೊತ್ತಿರಲಿಲ್ಲ. ಮೈಸೂರಿನಿಂದ ಉಮಾಶಂಕರ ಸಾರ್ ಬಂದು ಹೇಳಿದ ಮೇಲೆ ಗೊತ್ತಾಯಿತು. ಅಲ್ಲಿಯವರೆಗೂ ನಾವು ಅದನ್ನು ಹಣೆಬರಹ ಅಂದುಕೊಂಡಿದ್ದೆವು.

ಎಚ್.ಡಿ. ಕೋಟೆ ಸೀಮೆಯಲ್ಲಿ ಅಂಕನಮಾಳ ಅಂತ ಒಂದು ಊರಿತ್ತು. ಅಣೆಕಟ್ಟು ಎದ್ದಾಗ ಊರು ಮುಳುಗುತ್ತದೆ ಎಂದು ಅದನ್ನು ಎಬ್ಬಿಸಿ ಆಚೆ ದಡದಲ್ಲಿ ಕೂರಿಸಿದರು. ದೇವರು ಹೋದ, ಶಾಲೆ ಹೋಯಿತು, ಅರಳಿಕಟ್ಟೆಯ ಕಲ್ಲುಗಳೂ ಗಾಡಿಯಲ್ಲಿ ಕೂತು ಹೋದವು. ನಮ್ಮ ಕೇರಿ ಊರಾಚೆಯ ದಿಬ್ಬದ ಮೇಲಿತ್ತು. ದಿಬ್ಬ ಮುಳುಗುವುದಿಲ್ಲ ಎಂದು ಅಳತೆಯವರು ಹೇಳಿದರು. ಅವರು ಸುಳ್ಳು ಹೇಳಲಿಲ್ಲ. ದಿಬ್ಬ ಮುಳುಗಲಿಲ್ಲ. ಸುತ್ತ ನೀರು ನಿಂತಿತು, ಅಷ್ಟೇ. ಮುಳುಗದವರಿಗೆ ಪರಿಹಾರ ಎಲ್ಲಿಂದ ಬರಬೇಕು?

ಆಚೆ ದಡ ದೂರವೇನಲ್ಲ. ಇಲ್ಲಿ ಕೂಗಿದರೆ ಅಲ್ಲಿ ಕೇಳುತ್ತದೆ. ಬೇಸಿಗೆಯಲ್ಲಿ ನೀರು ಇಳಿದಾಗ ಹಳೆಯ ದಾರಿ ಕೆಸರಾಗಿ ಮೇಲೇಳುತ್ತದೆ, ನಡೆದುಕೊಂಡೇ ಹೋಗುತ್ತೇವೆ. ಮಳೆಗಾಲದಲ್ಲಿ ಅದೇ ದಾರಿಯ ಮೇಲೆ ಕುತ್ತಿಗೆಮಟ್ಟ ನೀರು. ಆಗ ಹರಿಗೋಲು. ಸಂತೆಗೂ ಸ್ಕೂಲಿಗೂ ಕೂಲಿಗೂ ಆಸ್ಪತ್ರೆಗೂ ಹರಿಗೋಲು. ಹೆಣಕ್ಕೆ ಮಾತ್ರ ಇಲ್ಲ.

ನಮ್ಮ ಮಸಣ ಇರುವುದು ಆಚೆ ದಡದಲ್ಲಿ, ಊರಿನ ಹಿಂದಿನ ಹುಣಸೆ ತೋಪಿನಲ್ಲಿ. ದಿಬ್ಬದಲ್ಲಿ ಗುಂಡಿ ತೋಡಲು ಹೋದರೆ ಮೊಣಕಾಲುದ್ದಕ್ಕೆ ಬಂಡೆ ಸಿಗುತ್ತದೆ. ನಮ್ಮಲ್ಲಿ ಒಂದು ಕಟ್ಟು ಇದೆ. ಮನೆಯ ಮುಂದೆ ಚಟ್ಟ ಎತ್ತಿದ ಮೇಲೆ ನಡುವೆ ಎಲ್ಲೂ ಇಳಿಸುವಂತಿಲ್ಲ. ಎಲ್ಲಿ ಇಳಿಯಿತೋ ಅಲ್ಲೇ ಗುಂಡಿ. ಹರಿಗೋಲಿನಲ್ಲಿ ಇಟ್ಟರೂ ಇಳಿಸಿದ ಲೆಕ್ಕವೇ, ಆಮೇಲೆ ನೀರಿಗೇ ಬಿಟ್ಟು ಬರಬೇಕು. ಹಾಗಾಗಿ ಮಳೆಗಾಲದಲ್ಲಿ ಯಾರಾದರೂ ಸತ್ತರೆ ನಮ್ಮ ಗಂಡಸರು ಕುತ್ತಿಗೆಮಟ್ಟದ ನೀರಿಗೆ ಇಳಿಯುತ್ತಾರೆ. ಚಟ್ಟವನ್ನು ತಲೆಯ ಮೇಲಕ್ಕೆ ಎತ್ತಿ ಹಿಡಿದು, ಕಾಲಿನಲ್ಲೇ ಹಳೇ ದಾರಿಯನ್ನು ತಡವುತ್ತಾ ದಾಟುತ್ತಾರೆ. ನಮ್ಮಜ್ಜಿಯನ್ನು ಹಾಗೆ ದಾಟಿಸುವಾಗ ನಮ್ಮಪ್ಪನ ಕಾಲಿಗೆ ದಾರಿ ತಪ್ಪಿತು. ಉಳಿದವರು ಚಟ್ಟವನ್ನು ಹಿಡಿದುಕೊಂಡರು. ಅಪ್ಪನನ್ನು ಹಿಡಿಯಲು ಯಾರ ಕೈಯೂ ಖಾಲಿ ಇರಲಿಲ್ಲ.

ಆವತ್ತಿನಿಂದ ನಮ್ಮ ಮನೆಯಲ್ಲಿ ಬಾಯಿಬಿಟ್ಟರೆ ಒಂದೇ ಮಾತು, ಸೇತುವೆ. ಅಪ್ಪನ ಅಪ್ಪ ದಾಸಯ್ಯ, ನನ್ನ ತಾತ, ಓಟು ಕೇಳಲು ಬಂದವರ ಮುಂದೆಲ್ಲ ಕೈಮುಗಿದು ನಿಂತ. ಎಲ್ಲರೂ ಆಗಲಿ ಅಂದರು. ಆಗಲಿ ಅಂದವರಲ್ಲಿ ಗೆದ್ದವರೂ ಇದ್ದರು, ಸೋತವರೂ ಇದ್ದರು. ಸೇತುವೆಗೆ ಎರಡೂ ಒಂದೇ ಆಯಿತು. ಅಡ್ಡಗಾಲು ಯಾರದೆಂದು ನಮ್ಮ ಅವ್ವ ಚಿಕ್ಕಬೀರಮ್ಮನಿಗೆ ಗೊತ್ತಿತ್ತು. ಊರಿನ ಪಂಚಾಯ್ತಿ ಮೆಂಬರ್ ನಂಜುಂಡೇಶಪ್ಪನವರು ಟೀ ಅಂಗಡಿಯಲ್ಲಿ ಯಾರಿಗೋ ಹೇಳಿದ್ದರಂತೆ: ಸೇತುವೆ ಬಂದರೆ ಅದರ ಬಾಯಿ ನಮ್ಮ ಬೀದಿಗೇ ತಾನೇ ತೆರೆಯುವುದು, ಕೇರಿಯವರೆಲ್ಲ ಹಗಲೂ ರಾತ್ರಿ ನಮ್ಮ ಮನೆ ಮುಂದೆ ಓಡಾಡಬೇಕೇ, ಈಗ ಗದ್ದೆ ಬದುವಿನ ಮೇಲೆ ಸುತ್ತಿಕೊಂಡು ಹೋಗುತ್ತಾರಲ್ಲ, ಅದಕ್ಕೇನಾಗಿದೆ. ಬಹಿರಂಗವಾಗಿ ಮಾತ್ರ ಅವರು ನೀರಿನ ಹರಿವಿಗೆ ತೊಂದರೆಯಾಗುತ್ತದೆ ಅನ್ನುತ್ತಿದ್ದರು. ನೀರಿನ ಮೇಲೆ ಅಷ್ಟು ಕನಿಕರ ಇದ್ದವರನ್ನು ನಾನು ಬೇರೆ ಕಂಡಿಲ್ಲ.

ಇಂಥ ಹೊತ್ತಿನಲ್ಲಿ ಉಮಾಶಂಕರ ಸಾರ್ ಬಂದರು. ಅವರದು ನೀಲಿನಾಳೆ ಪ್ರತಿಷ್ಠಾನ. ನಮ್ಮನ್ನೆಲ್ಲ ಬೇವಿನ ಮರದ ಕೆಳಗೆ ಕೂರಿಸಿ ಪರದೆಯ ಮೇಲೆ ಸಮುದ್ರ ತೋರಿಸಿದರು. ದೂರದ ದ್ವೀಪಗಳಲ್ಲಿ ಜನ ಮೀನನ್ನೆಲ್ಲ ಬಾಚಿ ಬಾಚಿ ಸಮುದ್ರ ಬರಿದಾಗಿತ್ತಂತೆ. ಈಗ ಅಲ್ಲಿ ಪಾಚಿ, ಚಿಪ್ಪು, ಮೀನು ಮೂರನ್ನೂ ಒಟ್ಟಿಗೆ ಬೆಳೆಸುತ್ತಾರಂತೆ. ಒಂದರ ಹೊಲಸು ಇನ್ನೊಂದಕ್ಕೆ ಊಟ. ಚಿಪ್ಪು ನೀರನ್ನು ಸೋಸುತ್ತದೆ, ಪಾಚಿ ಗೊಬ್ಬರದಂಶ ಹೀರುತ್ತದೆ, ಮೀನು ಕೊಬ್ಬುತ್ತದೆ. ಸಮುದ್ರ ಮತ್ತೆ ಜೀವ ಹಿಡಿಯುತ್ತದೆ, ದ್ವೀಪದವರು ತಮ್ಮ ಕಾಲ ಮೇಲೆ ತಾವು ನಿಲ್ಲುತ್ತಾರೆ. ಇದರ ಹೆಸರು ಪುನಶ್ಚೇತನ ಜಲಕೃಷಿ.

ಇಲ್ಲಿ ಸಮುದ್ರ ಎಲ್ಲಿದೆ ಎಂದು ತಾತ ಕೇಳಿದ. ಹಣ ಕೊಡುವವರು ದ್ವೀಪಗಳಿಗೆ ಮಾತ್ರ ಕೊಡುತ್ತಾರೆ, ಮೈಸೂರು ಜಿಲ್ಲೆಯಲ್ಲಿ ಹುಡುಕಿ ಹುಡುಕಿ ನಿಮ್ಮ ದಿಬ್ಬ ಸಿಕ್ಕಿತು, ಸಮುದ್ರವನ್ನು ಸ್ವಲ್ಪ ಅಡ್ಜಸ್ಟ್ ಮಾಡಿಕೊಂಡಿದ್ದೇವೆ ಎಂದು ಸಾರ್ ನಕ್ಕರು. ನಾವೂ ನಕ್ಕೆವು. ನಮ್ಮನ್ನು ಯಾರೋ ಹುಡುಕಿದ್ದರು ಎಂಬುದೇ ಆಗ ದೊಡ್ಡದಾಗಿ ಕಂಡಿತ್ತು.

ಪಿಯುಸಿ ಓದಿದ್ದವಳು ಕೇರಿಯಲ್ಲಿ ನಾನೊಬ್ಬಳೇ. ಪವಿತ್ರಾ ಎಂಬ ನನ್ನ ಹೆಸರಿನ ಕೆಳಗೆ ದ್ವೀಪ ಸಮನ್ವಯಾಧಿಕಾರಿ ಎಂದು ಅಚ್ಚು ಹಾಕಿದ ಬಿಲ್ಲೆಯನ್ನು ಕೊರಳಿಗೆ ನೇತುಹಾಕಿದರು. ಜೊತೆಗೆ ಒಂದು ನೀಲಿ ಟೋಪಿ. ದಡದಲ್ಲಿ ದೊಡ್ಡ ಬೋರ್ಡು ಎದ್ದಿತು, ಅಂಕನಮಾಳ ಐಲ್ಯಾಂಡ್. ಅದುವರೆಗೆ ಊರಿನವರು ನಮ್ಮನ್ನು ಕೇರಿಯೋರು ಅನ್ನುತ್ತಿದ್ದರು. ಆಮೇಲೂ ಅದನ್ನೇ ಅನ್ನುತ್ತಿದ್ದರು, ಬೋರ್ಡಿನ ಪಕ್ಕದಲ್ಲಿ ನಿಂತುಕೊಂಡು.

ಕೆಲಸ ಹೆಂಗಸರದು. ನೀಲಿ ಡ್ರಮ್ಮುಗಳ ಮೇಲೆ ಕಬ್ಬಿಣದ ಚೌಕಟ್ಟು, ಒಂದು ಮಾರು ಅಗಲ, ಎರಡಾಳು ಉದ್ದ. ಎರಡು ಬದಿಗೂ ನಡೆಯಲು ಹಲಗೆ, ನಡುವೆ ನೀರಿನೊಳಗೆ ಇಳಿಬಿಟ್ಟ ಬಲೆ, ಬಲೆಯಲ್ಲಿ ಮೀನು. ಇದಕ್ಕೆ ಪಂಜರ ಅನ್ನುತ್ತಾರೆ. ಅಂಥವು ಸಾಲುಸಾಲು. ಚಿಪ್ಪು ಕಟ್ಟಿದ ಹಗ್ಗಗಳು ಬೇರೆ. ಬೆಳಿಗ್ಗೆ ಎದ್ದರೆ ಎದೆಮಟ್ಟದ ನೀರಿನಲ್ಲಿ ನಿಂತು ಹಗ್ಗ ಉಜ್ಜಬೇಕು. ಚಿಪ್ಪಿನ ಅಂಚು ಬ್ಲೇಡಿನಂತೆ ಅಂಗೈ ಕೊಯ್ಯುತ್ತದೆ. ಗಾಯ ನೀರಿನಲ್ಲೇ ನೆನೆದು ಬೆಳ್ಳಗಾಗುತ್ತದೆ, ಮುದ್ದೆ ಮುರಿಯಲು ಹೋದರೆ ಉರಿಯುತ್ತದೆ. ಕಾಲುಬೆರಳ ಸಂದುಗಳು ಕೊಳೆಯುತ್ತವೆ. ಬಲೆ ಎತ್ತುವುದು ಇನ್ನೂ ಕಷ್ಟ. ಎರಡು ಹಲಗೆಯ ಮೇಲೂ ಹೆಂಗಸರು ಎದುರುಬದುರು ನಿಂತು, ಒಂದೇ ಉಸಿರಿಗೆ ಎತ್ತಿ, ಒಂದೇ ಹೆಜ್ಜೆಗೆ ಸರಿಯಬೇಕು. ಒಬ್ಬಳು ಹಿಂದೆ ಬಿದ್ದರೆ ಚೌಕಟ್ಟು ವಾಲಿ ಎಲ್ಲರೂ ನೀರಿಗೆ. ಗಂಡಸರು ಶುರುವಿನಲ್ಲಿ ಪ್ರಯತ್ನ ಮಾಡಿದರು. ಬಿದ್ದರು, ಬೈದರು, ಮನೆಗೆ ಹೋದರು.

ಸುಳ್ಳು ಯಾಕೆ ಹೇಳಲಿ, ನೀರು ನಿಜಕ್ಕೂ ತಿಳಿಯಾಯಿತು. ಹಸಿರು ಕೆನೆಗಟ್ಟಿ ನಾರುತ್ತಿದ್ದ ಹಿನ್ನೀರಿನಲ್ಲಿ ತಳದ ಕಲ್ಲು ಕಾಣತೊಡಗಿತು. ಕಾಣದೇ ಹೋಗಿದ್ದ ಸಣ್ಣ ಮೀನುಗಳು ತಿರುಗಿ ಬಂದವು, ಮಿಂಚುಳ್ಳಿ ಬಂತು. ಊರಿನವರು ಬಿಟ್ಟುಬಿಟ್ಟಿದ್ದ ದಡದ ಸ್ನಾನದ ಮೆಟ್ಟಿಲನ್ನು, ಸೋಪಾನವನ್ನು, ತೊಳೆದು ಮತ್ತೆ ಸ್ನಾನ ಶುರು ಮಾಡಿದರು. ನೀರು ಎಳನೀರಿನ ಹಾಗಿದೆ ಎಂದು ಬಾಯಿ ಚಪ್ಪರಿಸಿದರು. ಆ ಮೆಟ್ಟಿಲನ್ನು ಮಾತ್ರ ನಾವು ತುಳಿಯುವಂತಿರಲಿಲ್ಲ. ನೀರು ತೊಳೆದವರ ಕಾಲು ಕಲ್ಲಿಗೆ ತಾಗಿದರೆ ಕಲ್ಲು ಕೆಡುತ್ತದಂತೆ. ನಾವು ಸಾಕಿದ ಚಿಪ್ಪಿಗೆ ಜಾತಿ ತಿಳಿಯದು, ಪಾಪ. ಎಲ್ಲರ ಹೊಲಸನ್ನೂ ಒಂದೇ ಥರ ನುಂಗುತ್ತಿತ್ತು.

ಮೀನಿನ ಯೋಗವೇ ಬೇರೆ. ಅವಕ್ಕೆ ಉಸಿರು ಕಟ್ಟಬಾರದೆಂದು ಸೋಲಾರ್ ಮೋಟರು ಬಂತು. ದಡಕ್ಕೆ ಒಯ್ಯಲು ಮೋಟಾರ್ ದೋಣಿ ಬಂತು. ಓಡಿಸುವವನು ನಮ್ಮ ಕೇರಿಯ ಶಶಿ. ಅವನ ಹೆಂಡತಿಗೆ ಹೊಟ್ಟೆನೋವು ಬಂದಾಗ ಅದರಲ್ಲಿ ಕೂರಿಸಲು ಹೋದ. ಬೇಡ, ದೋಣಿಗೆ ವಿಮೆ ಇರುವುದು ಮೀನು ಸಾಗಿಸಲು ಮಾತ್ರ ಎಂದು ಸಾರ್ ಫೋನಿನಲ್ಲಿ ತಡೆದರು. ಅವಳು ಹರಿಗೋಲಿನಲ್ಲಿ ಹೋದಳು. ಮೀನು ಐಸಿನ ಪೆಟ್ಟಿಗೆಯಲ್ಲಿ ಕೂತು ಅವಳಿಗಿಂತ ಮೊದಲೇ ದಡ ಮುಟ್ಟಿತು.

ಅವ್ವ ಒಂದು ದಿನ ಉಮಾಶಂಕರ ಸಾರ್ ಅವರನ್ನು ನೇರವಾಗಿ ಕೇಳಿದಳು. ಇಷ್ಟೆಲ್ಲ ತಂದಿರಿ, ಒಂದು ಕಾಲುಸೇತುವೆ ತನ್ನಿ ಅಂದಳು. ಸಾರ್ ಮುಖ ಸಣ್ಣಗಾಯಿತು. ಅವರು ಕೆಟ್ಟವರಲ್ಲ, ಕಷ್ಟಪಟ್ಟು ತಿಳಿಹೇಳಿದರು. ಸೇತುವೆ ಬಂದರೆ ನೀವು ದಡಕ್ಕೆ ಅಂಟಿಕೊಳ್ಳುತ್ತೀರಿ, ದಡಕ್ಕೆ ಅಂಟಿದ್ದು ದ್ವೀಪವಲ್ಲ, ದ್ವೀಪವಲ್ಲದ ಜಾಗಕ್ಕೆ ಯೋಜನೆ ಇಲ್ಲ. ಪ್ರತ್ಯೇಕವಾಗಿ ಇರುವುದೇ ನಿಮ್ಮ ಶಕ್ತಿ ಅಂದರು. ಆ ಮಾತು ನಂಜುಂಡೇಶಪ್ಪನವರ ಕಿವಿಗೂ ಬಿದ್ದು, ಮುಂದಿನ ಸಭೆಯಲ್ಲಿ ಅವರು ಯೋಜನೆಗೆ ಶಾಲು ಹೊದಿಸಿದರು. ದ್ವೀಪದ ಸಂಸ್ಕೃತಿ ಉಳಿಯಬೇಕು, ಅದಕ್ಕೆ ಊರಿನ ಪೂರ್ತಿ ಬೆಂಬಲವಿದೆ ಎಂದು ಭಾಷಣ ಮಾಡಿದರು. ನಮ್ಮನ್ನು ದೂರ ಇಡುವುದಕ್ಕೆ ಇಷ್ಟು ಒಳ್ಳೆಯ ಹೆಸರು ಅವರ ಅಪ್ಪನಿಗೂ ಸಿಕ್ಕಿರಲಿಲ್ಲ.

ಆಷಾಢದ ಜಡಿಮಳೆ ಹಿಡಿದಿತ್ತು. ನೀರು ತುಂಬಿತ್ತು. ಹಣ ಕೊಡುವವರ ಕಡೆಯಿಂದ ಅತಿಥಿಗಳು ಬರುವ ದಿನ ಗೊತ್ತಾಗಿತ್ತು. ನಿಜವಾದ ಸಮುದ್ರದ, ನಿಜವಾದ ದ್ವೀಪದಿಂದ ಒಬ್ಬರು ಅಮ್ಮ ಬರುತ್ತಿದ್ದರು. ಕೇರಿಯ ಹೆಂಗಸರಿಗೆಲ್ಲ ಒಂದೇ ಬಣ್ಣದ ನೀಲಿ ಸೀರೆ ಕೊಟ್ಟಿದ್ದರು. ನಗುತ್ತಾ ಕೈ ಬೀಸುವುದನ್ನು ನಾನೇ ಕಲಿಸಿದ್ದೆ, ಅದು ನನ್ನ ಕೆಲಸದಲ್ಲಿ ಸೇರಿತ್ತು.

ಆ ದಿನ ಬೆಳಕು ಹರಿಯುವ ಹೊತ್ತಿಗೆ ತಾತ ಸತ್ತುಹೋದ.

ಮೊದಲು ಅತ್ತವಳು ನಾನು. ಅವ್ವ ಅಳಲಿಲ್ಲ. ಬಾಗಿಲಲ್ಲಿ ನಿಂತು ನೀರು ನೋಡಿದಳು. ಶಶಿ ಮತ್ತು ಮೂವರು ಗಂಡಸರು ಪಂಚೆ ಎತ್ತಿಕಟ್ಟುತ್ತಿದ್ದರು. ನೀರು ಆಗಲೇ ಕುತ್ತಿಗೆ ಮೀರಿತ್ತು, ಅವರಿಗೂ ಗೊತ್ತಿತ್ತು. ಆದರೂ ಇಳಿಯಲು ಹೊರಟಿದ್ದರು. ಅಷ್ಟರಲ್ಲಿ ಉಮಾಶಂಕರ ಸಾರ್ ಫೋನು ಬಂತು. ಸಾವಿನ ಸುದ್ದಿ ಕೇಳಿ ನಿಜವಾಗಿಯೂ ಮರುಗಿದರು. ಆಮೇಲೆ ಮೆಲ್ಲಗೆ, ಅತಿಥಿಗಳು ಹೋಗುವವರೆಗೆ, ಅಂದರೆ ಸಂಜೆಯವರೆಗೆ, ಒಳಗೇ ಇಡಲು ಆಗುತ್ತದೆಯೇ ಎಂದು ಕೇಳಿದರು. ಐಸ್ ಬೇಕಾದರೆ ಕಳಿಸುತ್ತೇನೆ ಅಂದರು. ಮೀನಿನ ಐಸ್. ನಾನು ಅದನ್ನು ಅವ್ವನಿಗೆ ಹೇಳಿದೆ.

ಅವ್ವ ನನ್ನ ಕೊರಳಿಗೆ ಕೈಹಾಕಿ ಬಿಲ್ಲೆ ಕಿತ್ತಳು. ಅಂಗಳದ ಕೆಸರಿಗೆ ಎಸೆದಳು. ಆಮೇಲೆ ಗಂಡಸರ ಕಡೆ ತಿರುಗಿದಳು.

"ಯಾರೂ ನೀರಿಗೆ ಇಳೀಬ್ಯಾಡಿ ಕಣ್ಲಾ. ಒಬ್ಬುನ್ನ ಕೊಟ್ಟಿವ್ನಿ. ಇನ್ನೊಬ್ಬುನ್ನ ಕೊಡಕ್ಕಿಲ್ಲ."

"ಮತ್ತೆ ಹೆಂಗವ್ವಾ ದಾಟ್ಸದು?" ಎಂದು ಶಶಿ ಕೇಳಿದ.

"ಪಂಜರ ಬಿಚ್ಚು. ಸಾಲಾಗಿ ಕಟ್ಟು."

ಎಲ್ಲರೂ ಒಟ್ಟಿಗೇ ಓಡಿದರು. ಲಂಗರಿನ ಹಗ್ಗ ಬಿಚ್ಚಿದರು. ಶಶಿ ಮೋಟಾರ್ ದೋಣಿಗೆ ಪಂಜರಗಳನ್ನು ಕಟ್ಟಿ ಎಳೆದ. ವಿಮೆಯ ನಿಯಮ ಮುರಿಯಲಿಲ್ಲ, ಪಂಜರದೊಳಗೆ ಮೀನುಗಳು ಇದ್ದೇ ಇದ್ದವು. ಚಿಪ್ಪಿನ ಹಗ್ಗ ಬಿಚ್ಚಿ ತಲೆಗೆ ತಲೆ ಬಿಗಿದರು. ಎಲ್ಲರ ಅಂಗೈಯಲ್ಲೂ ರಕ್ತ. ಮಳೆ ಹೊಯ್ಯುತ್ತಲೇ ಇತ್ತು. ಆಚೆ ತುದಿ ಕಟ್ಟಲು ಗಟ್ಟಿಯಾದ ಜಾಗ ಅಂದರೆ ಊರಿನ ಸೋಪಾನದ ಕಲ್ಲುಕಂಬ ಒಂದೇ. ಅದಕ್ಕೇ ಕಟ್ಟಿದರು. ಬಿಸಿಲೇರಬೇಕಾದ ಹೊತ್ತಿಗೆ ನಮ್ಮ ದಿಬ್ಬದಿಂದ ಊರಿನ ಮೆಟ್ಟಿಲವರೆಗೆ ನೀರಿನ ಮೇಲೆ ದಾರಿ ಬಿದ್ದಿತ್ತು. ಅಷ್ಟು ವರ್ಷ ಆಗದ ಕೆಲಸಕ್ಕೆ ಒಂದು ಬೆಳಗು ಸಾಕಾಯಿತು.

ಗಂಡಸರು ಚಟ್ಟಕ್ಕೆ ಭುಜ ಕೊಡಲು ಬಂದಾಗ ಅವ್ವ ಅಡ್ಡ ನಿಂತಳು. ಹಲಗೆಯ ಮೇಲೆ ನಡೆಯಲು ನಿಮಗೆ ಬರುವುದಿಲ್ಲ, ನಮಗೆ ಬರುತ್ತದೆ ಅಂದಳು. ಹೆಂಗಸರು ಚಟ್ಟ ಹೊರುವುದು ಎಲ್ಲಾದರೂ ಉಂಟೇ ಎಂದು ಯಾರೋ ಹಿರಿಯರು ಗೊಣಗಿದರು. ಹಾಗಾದರೆ ನೀವೇ ಹೊತ್ತು ತಾತನ ಜೊತೆ ನೀವೂ ಮುಳುಗಿ ಎಂದು ನಮ್ಮ ಜೊತೆ ಬಲೆ ಎತ್ತುವ ಸಿದ್ದಲಿಂಗಮ್ಮ ಹೇಳಿದ ಮೇಲೆ ಸುಮ್ಮನಾದರು. ಉದ್ದನೆಯ ಅಡ್ಡಬೊಂಬು ಹಾಕಿ ಚಟ್ಟ ಕಟ್ಟಿದೆವು. ಮನೆಯ ಮುಂದೆ ಎಡಕ್ಕೆ ಅವ್ವ, ಹಿಂದೆ ನಾನು. ಬಲಕ್ಕೆ ಸಿದ್ದಲಿಂಗಮ್ಮ ಮತ್ತು ಶಶಿಯ ಹೆಂಡತಿ. ನಡುವೆ ತಾತ. ಅವ್ವ ಮೆಲ್ಲಗೆ "ಎತ್ತು" ಅಂದಳು, ದಿನಾ ಬಲೆ ಎತ್ತುವಾಗ ಅನ್ನುವ ಹಾಗೆಯೇ. ಎತ್ತಿದೆವು. ಎರಡು ಹಲಗೆಗೂ ಕಾಲಿಟ್ಟೆವು, ತಾತನ ಕೆಳಗೆ ಬಲೆ, ಬಲೆಯಲ್ಲಿ ಮೀನು. ಒಂದೇ ಹೆಜ್ಜೆ. ಬೊಂಬು ಭುಜದ ಮೂಳೆಗೆ ಇಳಿಯುತ್ತಿತ್ತು. ಕಾಲಡಿ ಡ್ರಮ್ಮು ಮುಳುಗಿ ಏಳುತ್ತಿತ್ತು. ನಾನು ಅವ್ವನ ಹಿಮ್ಮಡಿ ಬಿಟ್ಟು ಬೇರೆ ಏನನ್ನೂ ನೋಡಲಿಲ್ಲ. ಅಪ್ಪ ಹೋದ ಜಾಗ ಬಂದಾಗ ಆ ಹಿಮ್ಮಡಿ ಚೂರು ನಡುಗಿತು. ನಿಲ್ಲಲಿಲ್ಲ.

ದಡದಲ್ಲಿ ಶಾಮಿಯಾನ ಹಾಕಿತ್ತು. ಅತಿಥಿಗಳು ಬಂದಿದ್ದರು. ನಾವೆಲ್ಲ ಅತಿಥಿಗಳಿಗೆಂದು ನಸುಕಿಗೇ ಉಟ್ಟ ನೀಲಿ ಸೀರೆಯಲ್ಲೇ ಇದ್ದೆವು, ಬದಲಾಯಿಸಲು ಹೊತ್ತೆಲ್ಲಿತ್ತು. ದ್ವೀಪದ ಅಮ್ಮ ಇದೇನೆಂದು ಇಂಗ್ಲಿಷಿನಲ್ಲಿ ಕೇಳಿದರು. ಇದು ಇಲ್ಲಿಯ ಸಾಂಪ್ರದಾಯಿಕ ಸಾಂಸ್ಕೃತಿಕ ಕಾರ್ಯಕ್ರಮ ಎಂದು ಉಮಾಶಂಕರ ಸಾರ್ ಹೇಳಿದ್ದು ನನ್ನ ಕಿವಿಗೆ ಬಿತ್ತು. ಅವರ ಜೊತೆಯವರು ಫೋಟೋ ಹೊಡೆಯತೊಡಗಿದರು. ನಾನು ಬೊಂಬಿನ ಅಡಿಯಿಂದಲೇ, ನನಗೆ ಬರುವ ಇಂಗ್ಲಿಷಿನಲ್ಲಿ, ಇವರು ನಮ್ಮ ತಾತ, ಸತ್ತುಹೋಗಿದ್ದಾರೆ ಅಂದೆ. ಆ ಅಮ್ಮ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡರು. ಫೋಟೋ ನಿಂತಿತು.

ಸೋಪಾನದ ಮೇಲಿನ ಮೆಟ್ಟಿಲಲ್ಲಿ ನಂಜುಂಡೇಶಪ್ಪನವರು, ಅವರ ಹಿಂದೆ ಊರಿನ ಗಂಡಸರು. ಅತಿಥಿಗಳು ಇದ್ದಾರೆಂದು ಅವರು ದನಿ ಎತ್ತಲಿಲ್ಲ. ಹೆಣ ಈ ಮೆಟ್ಟಿಲು ಹತ್ತುವಂತಿಲ್ಲ, ಬೀದಿಯಲ್ಲಿ ಹೋಗುವಂತಿಲ್ಲ, ಹಿಂದಕ್ಕೆ ಹೋಗಿ ಗದ್ದೆ ಕಡೆಯಿಂದ ಬನ್ನಿ ಎಂದು ಹಲ್ಲು ಕಚ್ಚಿ ಹೇಳಿದರು. ಗದ್ದೆಗಳು ನೀರಿನಲ್ಲಿ ಮುಳುಗಿದ್ದು ಅವರಿಗೂ ಕಾಣುತ್ತಿತ್ತು.

ಅವ್ವ ಕೊನೆಯ ಪಂಜರದ ತುದಿಯಲ್ಲಿ ನಿಂತಳು. ಅವಳ ಕುತ್ತಿಗೆಯ ನರ ಉಬ್ಬಿದ್ದು ನನಗೆ ಹಿಂದಿನಿಂದ ಕಾಣುತ್ತಿತ್ತು.

"ಭುಜ ಸೋತದೆ ನಂಜುಂಡೇಸಪ್ಪ. ದಾರಿ ಬುಡ್ತೀರೋ, ಇಲ್ಲೇ ಇಳ್ಸನೋ? ಇಳ್ಸುದ್ರೆ ಇಲ್ಲೇ ಗುಂಡಿ. ನಮ್ಮ ಕಟ್ಟು ನಿಮ್ಗೂ ಗೊತ್ತು."

ಅವರು ಮೆಟ್ಟಿಲು ನೋಡಿದರು. ಊರೆಲ್ಲ ಮೀಯುವ ಮೆಟ್ಟಿಲು, ದೇವರಿಗೆ ನೀರು ಒಯ್ಯುವ ಮೆಟ್ಟಿಲು. ಅಲ್ಲಿ ಕೇರಿಯ ಒಂದು ಹೆಣ ಹೂತರೆ ಆಗುವ ಅನಾಹುತವನ್ನು ಲೆಕ್ಕ ಹಾಕಿದರು. ಪಕ್ಕಕ್ಕೆ ಸರಿದರು. ನಮ್ಮ ಮೇಲಿನ ಅಸಹ್ಯವೇ ನಮಗೆ ದಾರಿ ಮಾಡಿಕೊಟ್ಟಿತು. ತಾತ ಹುಟ್ಟಿದ ಮೇಲೆ ಮೊದಲ ಸಲ ಅಂಕನಮಾಳದ ಬೀದಿಯ ನಡುಮಧ್ಯದಲ್ಲಿ ಹೋದ, ಮಲಗಿಕೊಂಡು.

ಮಣ್ಣು ಮುಚ್ಚುವ ಹೊತ್ತಿಗೆ ಉಮಾಶಂಕರ ಸಾರ್ ಹುಣಸೆ ತೋಪಿಗೇ ಬಂದರು. ಬೂಟು ಕೆಸರಾಗಿತ್ತು. ಅವರೂ ಒಂದು ಹಿಡಿ ಮಣ್ಣು ಹಾಕಿದರು. ಆಮೇಲೆ ಅವ್ವನ ಹತ್ತಿರ ಬಂದು, ಊಟವಾದ ಮೇಲೆ ಡ್ರೋನ್ ಹಾರಿಸಬೇಕು, ಮೇಲಿನಿಂದ ನೋಡಿದರೆ ದಡಕ್ಕೆ ಕಟ್ಟಿರುವುದು ಕಾಣುತ್ತದೆ, ದಯವಿಟ್ಟು ಬಿಚ್ಚಿಸಿ ಎಂದು ಬೇಡಿಕೊಂಡರು. ದ್ವೀಪವಲ್ಲ ಎಂದಾದರೆ ಎಲ್ಲ ವಾಪಸ್ಸು ಹೋಗುತ್ತದೆ, ಪವಿತ್ರಾಳ ಕೆಲಸವೂ ಹೋಗುತ್ತದೆ ಅಂದರು. ಅವರು ಹೆದರಿಸುತ್ತಿರಲಿಲ್ಲ. ನಿಜ ಹೇಳುತ್ತಿದ್ದರು. ಅದು ನಿಜ ಎಂದು ನನಗೂ ಗೊತ್ತಿತ್ತು.

ಅವ್ವ ನನ್ನ ಮುಖ ನೋಡಿದಳು. ಬಿಚ್ಚುವುದು ಬೇಡ ಎಂದು ನಾನು ತಲೆಯಾಡಿಸಿದೆ.

"ಬಿಚ್ಚಕ್ಕಿಲ್ಲ ಸಾ," ಅಂದಳು. "ದಾರಿ ಇದ್ರೆ ಕೂಲಿ ಎಲ್ಲಾರ ಮಾಡ್ಕತೀವಿ. ದ್ವೀಪ ನೀವೇ ಮಡಿಕಳಿ."

ವಾಪಸ್ಸು ಹೊರಟೆವು. ಬೀದಿಯ ಬಾಯಲ್ಲಿ ಊರಿನ ಗಂಡಸರು ಮತ್ತೆ ಸೇರಿದ್ದರು. ಈ ಸಲ ಕೆಲವರ ಕೈಯಲ್ಲಿ ದೊಣ್ಣೆ ಇತ್ತು. ಹೋಗುವಾಗ ನಮ್ಮ ಭುಜದ ಮೇಲೆ ಹೆಣವಿತ್ತು, ಹೆದರಿದರು. ಈಗ ನಮ್ಮ ಬಳಿ ಏನೂ ಇರಲಿಲ್ಲ. ಬರಿಗೈ, ಒದ್ದೆ ಸೀರೆ, ಕೊಯ್ದ ಅಂಗೈ. ನಂಜುಂಡೇಶಪ್ಪನವರು ಇನ್ನು ಗದ್ದೆ ಕಡೆಯಿಂದ ಹೋಗಿ, ಮುಗಿಯಿತಲ್ಲ ನಿಮ್ಮ ಕಾರ್ಯ ಅಂದರು. ನನ್ನ ಕಾಲು ನಿಂತುಬಿಟ್ಟಿತು. ಅವ್ವನ ಕಾಲು ನಿಲ್ಲಲಿಲ್ಲ.

"ಸತ್ತೋರ್ಗೆ ದಾರಿ ಬುಟ್ರಿ," ಅಂದಳು. "ಬದುಕಿರೋರ್ಗೂ ಬುಡಿ."

ಅವರು ಬಿಡಲಿಲ್ಲ. ನಾವೂ ನಿಲ್ಲಲಿಲ್ಲ. ಹಲಗೆಯ ಮೇಲೆ ನಡೆದ ಹಾಗೆ, ಎರಡು ಸಾಲಾಗಿ, ಒಂದೇ ಹೆಜ್ಜೆಗೆ ಅವರ ನಡುವೆ ನುಗ್ಗಿದೆವು. ದೊಣ್ಣೆ ಎತ್ತಿದವರು ಶಾಮಿಯಾನದ ಕಡೆ ನೋಡಿ ಇಳಿಸಿದರು. ಬರಿಗೈಯಲ್ಲಿ ಹೊಡೆಯಬೇಕಾದರೆ ಮುಟ್ಟಬೇಕಿತ್ತು, ದೂಡಬೇಕಾದರೂ ಮುಟ್ಟಬೇಕಿತ್ತು. ಸುಮ್ಮನೆ ನಿಂತರೂ ನಮ್ಮ ಭುಜ ಅವರ ಭುಜಕ್ಕೆ ಉಜ್ಜಿತು, ನಮ್ಮ ಒದ್ದೆ ಸೆರಗು ಅವರ ಬಿಳಿ ಪಂಚೆಗೆ ತಾಗಿತು. ನಂಜುಂಡೇಶಪ್ಪನವರ ಎದೆಗೆ ನನ್ನ ಅಂಗೈ ತಾಗಿ ಶರ್ಟಿನ ಮೇಲೆ ರಕ್ತದ ಗುರುತು ಬಿತ್ತು. ನಾವು ಮೆಟ್ಟಿಲು ಇಳಿದು, ಪಂಜರ ಹತ್ತಿ, ಮನೆಗೆ ನಡೆದೆವು.

ನಮ್ಮ ಅಂಗಳದಿಂದ ನೋಡಿದರೆ ಸೋಪಾನ ಪೂರ್ತಿ ಕಾಣುತ್ತದೆ. ಆ ಮಧ್ಯಾಹ್ನ ಅಂಕನಮಾಳದ ಗಂಡಸರೆಲ್ಲ ಮೈಲಿಗೆ ಕಳೆದುಕೊಳ್ಳಲು ನೀರಿಗೆ ಇಳಿದರು. ಮಳೆಯಲ್ಲಿ ನಿಂತು ಮುಳುಗಿ ಮುಳುಗಿ ಎದ್ದರು, ಮೂಗು ಹಿಡಿದುಕೊಂಡು, ಮಂತ್ರ ಹೇಳಿಕೊಂಡು. ಎಷ್ಟು ಬೇಕಾದರೂ ಮೀಯಲಿ ಎಂದು ಅವ್ವ ಅಂದಳು. ನೀರು ಚೊಕ್ಕಟವಾಗಿದೆ, ನಾವೇ ತೊಳೆದಿದ್ದೇವೆ.